ಮೂಡ್ ಬರಲೆಂದು ಕಾಯಬೇಡಿ

‘ಮದುವೆಗೆ ಮುಂಚೆ ಎಷ್ಟೊಂದು ಪೇಂಟಿಂಗ್ ಮಾಡ್ತಿದ್ದೆ, ಈಗ ಮೂಡೇ ಬರಲ್ಲ ಕಣ್ರೀ...’ ಈ ಮಾತನ್ನು ನೀವೂ ಆಡಿರಬಹುದು. ಅಟ್ಟದ ಮೇಲಿನ ಡಬ್ಬಿಯಲ್ಲಿ ಬಣ್ಣದ ಟ್ಯೂಬುಗಳು ಒಣಗಿ ಕಲ್ಲಾಗಿವೆ. ಮಕ್ಕಳು ದೊಡ್ಡವರಾಗಲಿ ಅನ್ನುತ್ತಲೇ ವರ್ಷಗಳು ಉರುಳಿವೆ.

ಮೂಡ್ ಇಲ್ಲ ಅಂತ ಒಂದು ದಿನವಾದರೂ ಅಡುಗೆ ಬಿಟ್ಟಿದ್ದೀರಾ? ಚಿತ್ರಕ್ಕೆ ಮಾತ್ರ ಯಾಕೆ ಈ ನೆಪ? ನನ್ನನ್ನು ಕೇಳಿದರೆ, ಕೈ ಓಡಿದರೆ ಸ್ಫೂರ್ತಿ ತಾನಾಗಿಯೇ ಹಿಂದೆ ಬರುತ್ತದೆ.

ಮಲೆನಾಡಿನ ದೀವರ ಹೆಣ್ಣುಮಕ್ಕಳನ್ನೇ ನೋಡಿ. ಚಿತ್ತಾರ ಬಿಡಿಸಲು ಅವರು ಸ್ಟುಡಿಯೊ ಕೇಳಲಿಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ ಬಣ್ಣ, ಸೀಯುವಂತೆ ಹುರಿದ ಅಕ್ಕಿಯಿಂದ ಕಪ್ಪು, ಪುಂಡಿ ನಾರಿನ ಕುಂಚ. ಮದುವೆ ಬಂದರೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆ ಬಂದರೆ ಬುಟ್ಟಿಯ ಮೇಲೆ ಚಿತ್ತಾರ. ಮನೆಗೆಲಸ, ಗದ್ದೆ ಕೆಲಸದ ನಡುವೆಯೇ ಈ ಕಲೆ ಉಳಿದು ಬಂತು.

ನೀವೂ ದಿನಕ್ಕೆ ಹದಿನೈದು ನಿಮಿಷ ಎತ್ತಿಡಿ. ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ, ಒಂದು ಪೆನ್ಸಿಲ್ ಸಾಕು. ಹೆಚ್ಚಿದ ಬೆಂಡೆಕಾಯಿಯ ಬಿಲ್ಲೆ, ಕಿಟಕಿಯಲ್ಲಿ ಕೂತ ಪಾರಿವಾಳ, ಕಂಡದ್ದನ್ನು ಬಿಡಿಸಿ. ಸೊಟ್ಟಗಾದರೆ ಆಗಲಿ, ಅಳಿಸಬೇಡಿ, ಯಾರಿಗೂ ತೋರಿಸಲೂಬೇಡಿ. ಬೆಂಗಳೂರಿನವರಾದರೆ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೊಮ್ಮೆ ಹೋಗಿಬನ್ನಿ. ಬೇರೆಯವರ ಚಿತ್ರ ನೋಡಿದರೆ ಕೈ ತುರಿಸದೇ ಇರದು.

ಆ ಹದಿನೈದು ನಿಮಿಷ ಮನೆಯವರಿಂದ ಕದ್ದದ್ದೇನಲ್ಲ, ನಿಮ್ಮದೇ. ಇವತ್ತೇ ಆ ಡಬ್ಬಿ ಕೆಳಗಿಳಿಸಿ!