ತಗಡಿನ ಮೇಲೆ ತಾಯ್ನುಡಿ ಕೊರೆದ ಜ್ಯೋತಿ ಭಟ್ಟರು



ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಬಸ್ಸು, ಬೈಕು ಹತ್ತಿ ದಿನಾ ಓಡಾಡುತ್ತೀರಿ. ಅಲ್ಲಿ 2023ರ ಫೆಬ್ರವರಿಯಲ್ಲಿ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ ಬಾಗಿಲು ತೆರೆಯಿತು. ಅದರ ಮೊದಮೊದಲ ಪ್ರದರ್ಶನಗಳಲ್ಲಿ ಒಂದು ಗುಜರಾತಿನ ಜ್ಯೋತಿ ಭಟ್ಟರದು. ಹತ್ತಾರು ವರ್ಷ ಹಳ್ಳಿ ಹಳ್ಳಿ ಸುತ್ತಿ ತೆಗೆದ ಫೋಟೋಗಳು. ನಿಮ್ಮಲ್ಲಿ ಎಷ್ಟು ಜನ ನೋಡಿದಿರಿ? ಕೈ ಎತ್ತಿ ನೋಡೋಣ! ಪ್ರದರ್ಶನವೇನೋ ಮುಗಿದುಹೋಯಿತು. ಆದರೆ ಈ ಮನುಷ್ಯನ ಕೆಲಸದ ಬಗ್ಗೆ ಅಚ್ಚುಕೂಟದವನಾದ ನಾನು ನಿಮಗೆ ನಾಲ್ಕು ಮಾತು ಹೇಳಲೇಬೇಕು.

ಭಟ್ಟರು 1934ರಲ್ಲಿ ಭಾವನಗರದಲ್ಲಿ ಹುಟ್ಟಿದವರು. ಬರೋಡದ ಕಲಾಶಾಲೆಯಲ್ಲಿ ಬೇಂದ್ರೆ (ನಮ್ಮ ಧಾರವಾಡದ ಕವಿಯಲ್ಲ, ಚಿತ್ರಕಾರ ಎನ್.ಎಸ್. ಬೇಂದ್ರೆ) ಮತ್ತು ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತರು. ಆಮೇಲೆ ಇಟಲಿಯ ನೇಪಲ್ಸ್, ಅಲ್ಲಿಂದ ನ್ಯೂಯಾರ್ಕಿನ ಪ್ರಾಟ್ ಸಂಸ್ಥೆ. ಅಲ್ಲಿ ಅವರಿಗೆ ತಗಡಿನ ಅಚ್ಚಿನ ಹುಚ್ಚು ಹಿಡಿಯಿತು.

ಏನದು ತಗಡಿನ ಅಚ್ಚು? ತಾಮ್ರದ ಅಥವಾ ಸತುವಿನ ತಗಡಿಗೆ ಆಸಿಡ್ ತಾಗದಂಥ ಮೇಣದ ಲೇಪ ಹಚ್ಚುತ್ತಾರೆ. ಅದರ ಮೇಲೆ ಸೂಜಿಯಿಂದ ಚಿತ್ರ ಗೀರಿ ಆಸಿಡ್‌ನಲ್ಲಿ ಮುಳುಗಿಸುತ್ತಾರೆ. ಗೀರಿದ ಕಡೆ ಮಾತ್ರ ಆಸಿಡ್ ಲೋಹವನ್ನು ತಿನ್ನುತ್ತದೆ. ಆ ತಗ್ಗಿಗೆ ಇಂಕು ತುಂಬಿ, ಮೇಲ್ಭಾಗ ಒರೆಸಿ, ಒದ್ದೆ ಕಾಗದ ಹಾಸಿ ರೋಲರ್ ಕೆಳಗೆ ಒತ್ತಿ ತೆಗೆಯುತ್ತಾರೆ. ನಮ್ಮ ಸೀಸದ ಮೊಳೆಯಲ್ಲಿ ಉಬ್ಬಿದ ಭಾಗ ಅಚ್ಚಾಗುತ್ತದೆ, ಇಲ್ಲಿ ತಗ್ಗಿನ ಭಾಗ. ವ್ಯತ್ಯಾಸ ಅಷ್ಟೇ. ಎರಡರಲ್ಲೂ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಅಪ್ಪನ ಕಾಲದ ಕಂಪೋಸಿಟರ್‌ಗಳು ಆ ತಿರುಗಿದ ಅಕ್ಷರಗಳನ್ನು ನೀವು ಪೇಪರ್ ಓದುವಷ್ಟೇ ಸಲೀಸಾಗಿ ಓದುತ್ತಿದ್ದರು.

ಇದನ್ನೇಕೆ ಇಷ್ಟು ಬಿಡಿಸಿ ಹೇಳಿದೆ ಗೊತ್ತೇ? ಅಮೆರಿಕದ ವಿದ್ಯೆ ಕಲಿತು ಬಂದ ಭಟ್ಟರು ತಮ್ಮ ಅಚ್ಚುಗಳ ಮೇಲೆ ಹಾಕಿದ್ದು ಗುಜರಾತಿ, ದೇವನಾಗರಿ ಅಕ್ಷರಗಳನ್ನು! ಹೆಂಗಸರ ಕೈಮೇಲಿನ ಹಚ್ಚೆಯ ಗೆರೆಗಳನ್ನು, ಗೋಡೆಯ ನವಿಲು, ಗಿಳಿಗಳನ್ನು. ದೊಡ್ಡ ಗ್ಯಾಲರಿಯವರಿಗೆ ತನ್ನ ಊರಿನ ಅಕ್ಷರ ಅರ್ಥವಾಗುವುದಿಲ್ಲ ಎಂದು ಅವರು ಅಳಿಸಿಹಾಕಲಿಲ್ಲ. ಮದುವೆ ಕಾರ್ಡು ಅಚ್ಚು ಹಾಕಿಸಲು ಬರುವ ನಮ್ಮ ಹುಡುಗರು "ಸರ್, ಕನ್ನಡ ಬೇಡ, ಡಿಸೈನ್ ಕೆಡುತ್ತೆ" ಅನ್ನುತ್ತಾರೆ. ಅವರಿಗೆ ಈ ಅಚ್ಚುಗಳನ್ನು ತೋರಿಸಬೇಕು.

ಇನ್ನು ಫೋಟೋ. 1967ರಲ್ಲಿ ಮುಂಬೈಯ ಒಂದು ವಿಚಾರ ಸಂಕಿರಣಕ್ಕಾಗಿ ಗುಜರಾತಿನ ಜನಪದ ಕಲೆಯ ಫೋಟೋ ತೆಗೆಯಲು ಹೊರಟವರು ಆಮೇಲೆ ನಿಲ್ಲಲೇ ಇಲ್ಲ. ರಾಜಸ್ಥಾನ, ಮಧ್ಯಪ್ರದೇಶ, ಒಡಿಶಾ ಎಂದು ಸುತ್ತಿದರು. ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂದರೆ ಗೋಡೆಯ ಚಿತ್ರವೂ ಹೋಯಿತಲ್ಲ! ಅವರು ಬರೀ ಚಿತ್ತಾರ ಕತ್ತರಿಸಿ ತೆಗೆದವರಲ್ಲ. ಬರೆಯುವ ಹೆಂಗಸು, ಅವಳ ಮನೆ, ಪಕ್ಕದ ಮಗು, ಎಲ್ಲವೂ ಫೋಟೋದಲ್ಲಿವೆ. ಅವರಿಗೆ 2019ರಲ್ಲಿ ಪದ್ಮಶ್ರೀ ಬಂತು.

ಈಗ ನಮ್ಮ ಮನೆಗೆ ಬನ್ನಿ. ಎಚ್.ಎಲ್. ನಾಗೇಗೌಡರು ನಮ್ಮ ಹಾಡು, ಕಥೆಗಳನ್ನು ಟೇಪಿಗೆ ಹಿಡಿದು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಅವರ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. ಆದರೆ ಒಬ್ಬರ ಬೆನ್ನ ಮೇಲೆ ಎಷ್ಟು ಹೊರಿಸುತ್ತೀರಿ? ಸಾಗರದ ಕಡೆ ದೀವರ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರವನ್ನು ನಿಮ್ಮಲ್ಲಿ ಎಷ್ಟು ಜನ ಕಣ್ಣಾರೆ ಕಂಡಿದ್ದೀರಿ? ನಮ್ಮ ಅಕ್ಷರಗಳ ಗತಿ ಇನ್ನೂ ಕೆಟ್ಟದ್ದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಬಂತು. ಇವತ್ತು ಕಲಾವಿದರು ಲಿಥೋ ಎಂದು ಕರೆಯುವುದು ಅದೇ ವಿದ್ಯೆಯನ್ನು! ಡಿಟಿಪಿ, ಆಫ್‌ಸೆಟ್ ಬಂದಾಗ ಊರೂರಿನ ಪ್ರೆಸ್ಸುಗಳ ಕನ್ನಡ ಮೊಳೆಗಳು ಕೇಸುಗಟ್ಟಲೆ ಗುಜರಿಗೆ ಹೋದವು. ಅ, ಆ, ಇ, ಈ ಎಲ್ಲವೂ ಕಿಲೋ ಲೆಕ್ಕದಲ್ಲಿ! ಹೋಗುವ ಮುಂಚೆ ಒಂದು ಫೋಟೋ ತೆಗೆದಿಟ್ಟವರು ಬೆರಳೆಣಿಕೆಯಷ್ಟು.

ಭಟ್ಟರಿಗೆ ರೋಲಿನ ಲೆಕ್ಕವಿತ್ತು, ತೊಳೆಯುವ ಖರ್ಚಿತ್ತು. ನಿಮ್ಮ ಜೇಬಿನಲ್ಲಿ ಪುಕ್ಕಟೆ ಕ್ಯಾಮೆರಾ ಇದೆ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯ ಕೈಯ ಹಚ್ಚೆ, ಅತ್ತೆ ಹಾಕುವ ರಂಗೋಲಿ, ಬಸ್ ಸ್ಟ್ಯಾಂಡಿನಲ್ಲಿ ಬ್ರಷ್ಷು ಹಿಡಿದು ಬೋರ್ಡು ಬರೆಯುವವನ ಕೈ, ಮೂಲೆ ಸೇರಿದ ಟ್ರೆಡಲ್ ಮೆಷಿನ್ನು, ಇವನ್ನು ಕೇಳಿಕೊಂಡು ತೆಗೆಯಿರಿ. ಬರೆದವರ ಹೆಸರು, ಊರು, ತಾರೀಕು ಮೂರನ್ನೂ ಕನ್ನಡದಲ್ಲಿ ಗುರುತು ಹಾಕಿ. ಮೊದಲು ಕಸ್ತೂರ್ಬಾ ರಸ್ತೆಯ ಆ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ, ಭಟ್ಟರ ಚಿತ್ರಗಳ ಬಗ್ಗೆ ವಿಚಾರಿಸಿ. ಕನ್ನಡದಲ್ಲೇ ವಿಚಾರಿಸಿ.