ಕಿಂಗ್ ಹೆನ್ರಿ ರಸ್ತೆಯ ಬಾಡಿಗೆದಾರ

ಮನೆ ಮಾರುವವರ ಭಾಷೆಯಲ್ಲಿ ‘ಐತಿಹಾಸಿಕ’ ಎಂಬ ಪದಕ್ಕೆ ಒಂದೇ ಅರ್ಥ: ಬೆಲೆ ಇನ್ನೂ ಸ್ವಲ್ಪ ಜಾಸ್ತಿ. ಲಂಡನ್ನಿನ ಸಿರಿವಂತ ಬಡಾವಣೆಗಳ ಹಳೆಯ ಸಾಲುಮನೆಗಳ ಜಾಹೀರಾತುಗಳನ್ನು ಓದಿ ನೋಡಿ. ಎತ್ತರದ ಚಾವಣಿ, ವಿಕ್ಟೋರಿಯಾ ಕಾಲದ ಬೆಂಕಿಗೂಡು, ಹಿತ್ತಲಲ್ಲೊಂದು ತೋಟ, ನಡೆದು ಹೋಗುವಷ್ಟು ದೂರದಲ್ಲಿ ಪಾರ್ಕು. ಜೊತೆಗೆ ಅದೃಷ್ಟವಿದ್ದರೆ ಅಲ್ಲಿ ಯಾವುದೋ ಕಾಲದಲ್ಲಿ ಬದುಕಿದ್ದ ಒಬ್ಬ ಕವಿಯದೋ ಚಿಂತಕನದೋ ಹೆಸರು. ಆತ ಆ ಮನೆಯ ಮಾಲೀಕನೋ, ಬಾಡಿಗೆಯವನೋ, ಬಾಡಿಗೆ ಕಟ್ಟಲು ಒಂದು ಹೊತ್ತಿನ ಊಟ ಬಿಟ್ಟವನೋ ಎಂಬುದು ಜಾಹೀರಾತಿಗೆ ಬೇಕಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಹೆಸರು ಬಾಡಿಗೆದಾರನದು, ಬೆಲೆ ಮಾಲೀಕನದು.

ಉತ್ತರ ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಆಸುಪಾಸಿನ ಜಮೀನಿನಲ್ಲಿ ದೊಡ್ಡ ಪಾಲು ಈಟನ್ ಕಾಲೇಜಿನದಾಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಮನೆಗಳೆದ್ದಾಗ ಒಂದು ರಸ್ತೆಗೆ ಈಟನ್ ಸ್ಥಾಪಿಸಿದ ದೊರೆ ಆರನೇ ಹೆನ್ರಿಯ ಹೆಸರು ಬಂತು. ರಸ್ತೆಗೆ ಜಮೀನ್ದಾರರ ಕಡೆಯ ಹೆಸರು, ಸರಿ. ಆದರೆ ಸುತ್ತಲಿನ ಗೋಡೆಗಳಿಗೆ ಅಂಟಿರುವ ಹೆಸರುಗಳು ಯಾರವು? ರೀಜೆಂಟ್ಸ್ ಪಾರ್ಕ್ ರಸ್ತೆಯ 122ನೇ ಮನೆಯಲ್ಲಿ 1870ರಿಂದ 1894ರವರೆಗೆ ಎಂಗೆಲ್ಸ್ ಇದ್ದ. ದುಡಿಯುವವರಿಗೆ ಮನೆ ಸಿಗದಿರುವ ಸಮಸ್ಯೆಯ ಬಗ್ಗೆ ಅವನು ಲೇಖನಮಾಲೆ ಬರೆದದ್ದು ಆ ಮನೆಯಲ್ಲಿದ್ದ 1872ರ ಹೊತ್ತಿನಲ್ಲೇ. ಫಿಟ್ಸ್‌ರಾಯ್ ರಸ್ತೆಯ 23ರಲ್ಲಿ ಹುಡುಗ ಯೇಟ್ಸ್ ಬೆಳೆದ. ಯೇಟ್ಸ್ ಇದ್ದ ಮನೆಯೆಂದು ಹಿಗ್ಗಿ ಅದೇ ಮನೆಯ ಮಹಡಿಯನ್ನು ಸಿಲ್ವಿಯಾ ಪ್ಲಾತ್ ಬಾಡಿಗೆಗೆ ಹಿಡಿದಳು. 1963ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡಳು. ರೈಲುಗಳ ಹೊಗೆಯೂ ಮಸಿಯೂ ಸುರಿಯುತ್ತಿದ್ದ ಕಾಲದಲ್ಲಿ ದೊಡ್ಡ ಮನೆಗಳನ್ನು ಕೋಣೆ ಕೋಣೆಯಾಗಿ ಒಡೆದು ಬಾಡಿಗೆಗೆ ಬಿಡುತ್ತಿದ್ದ ಪ್ರದೇಶ ಅದು. ಅಂಥ ಕೋಣೆಗಳಿದ್ದುದರಿಂದಲೇ ಅಲ್ಲಿಗೆ ‘ಇತಿಹಾಸ’ ಬಂತು. ಇತಿಹಾಸ ಬಂದ ಮೇಲೆ ಕೋಣೆಗಳು ಹೋದವು.

ಕಿಂಗ್ ಹೆನ್ರಿ ರಸ್ತೆಯ 10ನೇ ನಂಬರಿನ ನಾಲ್ಕು ಅಂತಸ್ತಿನ ಮನೆಯಲ್ಲಿ 1921–22ರಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿ ಇದ್ದರು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಇಷ್ಟನ್ನು ನಂಬಿ ಲಂಡನ್ನಿಗೆ ಮರಳಿದ್ದ ಅಂಬೇಡ್ಕರ್. ಅತ್ತ ಪರೇಲಿನ ಚಾಳಿನಲ್ಲಿ ರಮಾಬಾಯಿ ಸಂಸಾರ ತೂಗಿಸುತ್ತಿದ್ದರು. ಇತ್ತ ಇವರು ಅರೆಹೊಟ್ಟೆಯಲ್ಲಿ ಬ್ರಿಟಿಷ್ ಮ್ಯೂಸಿಯಂನ ಓದುಕೋಣೆಯಲ್ಲಿ ದಿನವಿಡೀ ಕೂತು ರೂಪಾಯಿಯ ಸಮಸ್ಯೆಯ ಮೇಲೆ ಪ್ರಬಂಧ ಬರೆಯುತ್ತಿದ್ದರು. 1921ರಲ್ಲಿ ಎಂಎಸ್‌ಸಿ, 1923ರಲ್ಲಿ ಡಿಎಸ್‌ಸಿ. ಪಿಎಚ್‌ಡಿ ಮಾಡುತ್ತಿರುವ ಯಾರಿಗಾದರೂ ಈ ಬದುಕಿನ ರುಚಿ ಗೊತ್ತು. ಅದಕ್ಕೆ ಐಷಾರಾಮದ ಸೋಂಕೂ ಇಲ್ಲ.

ಆ ಕೋಣೆಯ ಬೆಲೆ ತಿಳಿಯಬೇಕಾದರೆ ಅದಕ್ಕೂ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆಂದು ಹೋದ ಅಂಬೇಡ್ಕರರಿಗೆ ಆ ಊರಿನಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಛತ್ರದಲ್ಲಿ ಪಾರ್ಸಿ ಹೆಸರು ಹೇಳಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಸಂಜೆಯೊಳಗೆ ಜಾಗ ಖಾಲಿ ಮಾಡು ಎಂದಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರೂ ಏನೋ ನೆಪ ಹೇಳಿ ಜಾರಿಕೊಂಡರು. ಕೊಲಂಬಿಯಾದಲ್ಲಿ ಓದಿ ಬಂದಿದ್ದ ಆ ಮನುಷ್ಯ ರಾತ್ರಿಯ ರೈಲಿಗಾಗಿ ಊರಿನ ಉದ್ಯಾನದಲ್ಲಿ ಕೂತು ಕಾಯಬೇಕಾಯಿತು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಇಂಥವರಿಗೆ ಲಂಡನ್ನಿನ ಬಾಡಿಗೆ ಕೋಣೆ ಏನಾಗಿದ್ದಿರಬಹುದು, ಯೋಚಿಸಿ. ಚಿಲಕ ಹಾಕಿಕೊಂಡು, ತನ್ನದೇ ಹೆಸರಿನಲ್ಲಿ, ದೀಪ ಹೊತ್ತಿಸಿ ಓದಬಹುದಾದ ನಾಲ್ಕು ಗೋಡೆ.

ಆ ಮನೆ 2014ರಲ್ಲಿ ಮಾರಾಟಕ್ಕೆ ಬಂತು. ಬ್ರಿಟನ್ನಿನ ಅಂಬೇಡ್ಕರ್‌ವಾದಿ ಸಂಘಟನೆಗಳು ಪಟ್ಟು ಹಿಡಿದು ನಮ್ಮ ಸರ್ಕಾರಗಳನ್ನು ಎಚ್ಚರಿಸಿದವು. ಮಹಾರಾಷ್ಟ್ರ ಸರ್ಕಾರ 2015ರಲ್ಲಿ 30 ಲಕ್ಷ ಪೌಂಡಿಗೂ ಹೆಚ್ಚು, ಅಂದರೆ ಅಂದಿನ ಲೆಕ್ಕಕ್ಕೆ 30 ಕೋಟಿ ರೂಪಾಯಿಯ ಆಸುಪಾಸು ಕೊಟ್ಟು ಅದನ್ನು ಕೊಂಡಿತು. ನವೆಂಬರ್ 14ರಂದು ಪ್ರಧಾನಿ ಉದ್ಘಾಟಿಸಿದರು. ಅದೇ ದಿನ ಥೇಮ್ಸ್ ದಡದಲ್ಲಿ ನಮ್ಮ ಬಸವಣ್ಣನ ಪ್ರತಿಮೆಯೂ ಅನಾವರಣಗೊಂಡಿತು. ಸ್ಥಾವರದ ಬಗ್ಗೆ ಅಷ್ಟೆಲ್ಲ ಗುಮಾನಿಯಿದ್ದ ಬಸವಣ್ಣನಿಗೆ ಒಂದು ಸ್ಥಾವರ, ಕೋಣೆಯಿಂದ ಕೋಣೆಗೆ ಅಲೆದ ಅಂಬೇಡ್ಕರರಿಗೆ ಇನ್ನೊಂದು, ಒಂದೇ ಪ್ರವಾಸದಲ್ಲಿ!

ಕೊಂಡದ್ದು ತಪ್ಪು ಎನ್ನುವವನಲ್ಲ ನಾನು. ಯಾರೋ ಹಣವಂತ ಕೊಂಡು ಒಳಗೆ ಈಜುಕೊಳ ತೋಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಆಮೇಲೆ ನಡೆದದ್ದನ್ನು ನೋಡಿ. ಮನೆಯನ್ನು ಮ್ಯೂಸಿಯಂ ಮಾಡಲು ಸ್ಥಳೀಯ ಕ್ಯಾಮ್ಡೆನ್ ಕೌನ್ಸಿಲ್ 2018ರಲ್ಲಿ ಅನುಮತಿ ನಿರಾಕರಿಸಿತು. ಕಾರಣ, ವಾಸದ ಜಾಗ ಕಡಿಮೆಯಾಗುತ್ತದೆ ಎಂಬುದು. ಜನ ಗುಂಪುಗುಂಪಾಗಿ ಬರುತ್ತಾರೆ, ಗದ್ದಲ ಮಾಡುತ್ತಾರೆ ಎಂದು ನೆರೆಯವರ ದೂರು ಬೇರೆ. ಗದ್ದಲದ ಮಾತನ್ನು ಪಕ್ಕಕ್ಕಿಡೋಣ. ‘ನಮ್ಮ ಬೀದಿಗೆ ಇವರು ಬರಬಾರದು’ ಎಂಬ ರಾಗ ನಮಗೆ ಹೊಸದಲ್ಲ, ಭಾಷೆ ಮಾತ್ರ ಬೇರೆ. ಆದರೆ ವಾಸದ ಜಾಗ ಎಂಬ ಮಾತು ನನ್ನನ್ನು ಬಿಡಲಿಲ್ಲ. ಯಾರ ವಾಸ? 30 ಕೋಟಿಯ ಮನೆಯಲ್ಲಿ ಯಾವ ವಿದ್ಯಾರ್ಥಿ ವಾಸ ಮಾಡಬಲ್ಲ? 1921ರ ಅಂಬೇಡ್ಕರ್ ಇವತ್ತು ಅರ್ಜಿ ಹಿಡಿದು ಬಂದರೆ ಕ್ಯಾಮ್ಡೆನ್ ಕೌನ್ಸಿಲ್ ಕಾಪಾಡಿಕೊಂಡ ಆ ‘ವಾಸದ ಜಾಗ’ದ ಮೆಟ್ಟಿಲನ್ನಾದರೂ ಹತ್ತಬಲ್ಲರೇ?

ಮೇಲ್ಮನವಿ, ವಿಚಾರಣೆ ಎಲ್ಲ ಮುಗಿದು 2020ರ ಮಾರ್ಚಿನಲ್ಲಿ ಬ್ರಿಟನ್ನಿನ ಸಚಿವರು ಅನುಮತಿ ಕೊಟ್ಟರು. ನಾವು ಗೆದ್ದೆವು. ಅವರ ಕೋಣೆಯನ್ನು ಅಂದಿನಂತೆಯೇ ಮರುಸೃಷ್ಟಿಸಲಾಗಿದೆ: ಹಾಸಿಗೆ, ಪಕ್ಕದಲ್ಲಿ ಕನ್ನಡಕ, ಓದಿ ಓದಿ ಮೂಲೆ ಮಡಚಿದ ಪುಸ್ತಕಗಳು. ಆ ಹಾಸಿಗೆ ನೋಡುವುದಕ್ಕೆ, ಮಲಗುವುದಕ್ಕಲ್ಲ. ಕೌನ್ಸಿಲ್ ಮತ್ತು ನಾವು ಇಬ್ಬರೂ ಸೇರಿ ಜಗಳದಲ್ಲಿ ಕೈಬಿಟ್ಟದ್ದು ಒಂದನ್ನೇ: ಅದು ಬಾಡಿಗೆಗೆ ಸಿಗುತ್ತಿದ್ದ ಕೋಣೆಯಾಗಿತ್ತು ಎಂಬುದನ್ನು.

ನಮ್ಮೂರುಗಳ ಕಡೆ ತಿರುಗಿದರೆ ಈ ಮರೆವು ಎಷ್ಟು ಅನುಕೂಲಕರ ಎಂದು ತಿಳಿಯುತ್ತದೆ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾದರೂ ಐದನೇ ತಾರೀಖಿಗೆ ಬಾಡಿಗೆ ಕೊಡಬೇಕಾದ ಜಾತಿಯವರು ನಾವು, ಸಂಶೋಧನಾ ವಿದ್ಯಾರ್ಥಿಗಳು. ನಮ್ಮೊಳಗೂ ಕೆಲವರಿಗೆ ಬಾಡಿಗೆ ಕೊಡುವ ಭಾಗ್ಯವೂ ಸುಲಭಕ್ಕಿಲ್ಲ. ಕಳೆದ ವರ್ಷ ಗೆಳೆಯನೊಬ್ಬನ ಜೊತೆ ಕೋಣೆ ಹುಡುಕುತ್ತ ಅಲೆದೆ. ಒಂದು ಮನೆಯಲ್ಲಿ ಓನರ್ ಆಂಟಿ ನೀರು ಕೊಟ್ಟು, ಕೂರಿಸಿ, ಪಿಎಚ್‌ಡಿ ಯಾವ ವಿಷಯದ ಮೇಲೆ ಎಂದೆಲ್ಲ ಅಕ್ಕರೆಯಿಂದ ವಿಚಾರಿಸಿದರು. ಆಮೇಲೆ, ‘ತಪ್ಪು ತಿಳ್ಕೋಬೇಡಪ್ಪ, ನಿಮ್ಮದು ಯಾವ ಪೈಕಿ?’ ಅವನು ಹೇಳಿದ. ‘ನಮ್ಮ ಯಜಮಾನರನ್ನ ಒಂದು ಮಾತು ಕೇಳಿ ಫೋನ್ ಮಾಡ್ತೀನಿ’ ಎಂದರು. ಫೋನು ಬರಲಿಲ್ಲ. ದೊಣ್ಣೆ ಹಿಡಿದ ಗುಂಪು ಈಗ ಬೇಕಿಲ್ಲ, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಟು-ಲೆಟ್ ಬೋರ್ಡು ಸಾಕು.

ಸ್ಮಾರಕ ಬೇಕು, ಒಪ್ಪುತ್ತೇನೆ. ಎಲ್ಲಿಂದಲೋ ಬಂದು ಆ ಹೊಸ್ತಿಲಲ್ಲಿ ಕಣ್ಣೀರು ಹಾಕುವವರ ಭಾವವನ್ನು ಲೇವಡಿ ಮಾಡುವ ಹಕ್ಕು ನನಗಿಲ್ಲ, ಮನಸ್ಸೂ ಇಲ್ಲ. ಆದರೆ ಒಂದು ವರ್ಷ ಇದ್ದ ಪ್ರಿಮ್‌ರೋಸ್ ಹಿಲ್ಲಿನ ಮನೆಯನ್ನು ಹೇಳುವಷ್ಟು ಹುರುಪಿನಿಂದ, ಎರಡು ದಶಕ ಬದುಕಿದ ಪರೇಲಿನ ಚಾಳನ್ನು ನಾವು ಹೇಳುತ್ತೇವೆಯೇ? ಸಿರಿವಂತರ ಬೀದಿಯಲ್ಲಿ ನಮ್ಮದೂ ಒಂದು ಮನೆ ಇದೆ ಎಂಬ ಹೆಮ್ಮೆ ಅರ್ಥವಾಗುವಂಥದ್ದೇ. ಆದರೆ ಆ ಹೆಮ್ಮೆಯ ಲೆಕ್ಕ ಮನೆ ಮಾರುವ ದಲ್ಲಾಳಿಯ ಲೆಕ್ಕವೇ: ಬಡಾವಣೆ ಯಾವುದು, ಅಂತಸ್ತು ಎಷ್ಟು.

ನಾಲ್ಕು ಅಂತಸ್ತಿನಲ್ಲಿ ಕೆಳಗಿನ ಎರಡು ಸ್ಮಾರಕಕ್ಕಿರಲಿ. ಮೇಲಿನ ಎರಡರಲ್ಲಿ ಲಂಡನ್ನಿಗೆ ಓದಲು ಹೋಗುವ ದಲಿತ ವಿದ್ಯಾರ್ಥಿಗಳಿಗೆ ಕೋಣೆ ಕೊಡಿ, ಪುಕ್ಕಟೆಯಲ್ಲ, ಅವರ ಕೈಗೆಟುಕುವ ಬಾಡಿಗೆಗೆ, ಅವರವರ ಹೆಸರಿನಲ್ಲಿ. ವಾಸದ ಜಾಗ ಹೋಯಿತೆಂಬ ಕೌನ್ಸಿಲಿನ ಕೊರಗೂ ಅಷ್ಟಕ್ಕೆ ತೀರುತ್ತದೆ. ನಾಲ್ಕೈದು ಹಾಸಿಗೆ, ಒಂದೊಂದು ಮೇಜು, ದೀಪ, ಮತ್ತೆ ಒಂದು ಅಡುಗೆಮನೆ. ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಯಾರೂ ಬಂದು ಮೂಸದ ಅಡುಗೆಮನೆ.