ಕೀಟ್ಸನನ್ನು ಕೊಂದವರಾರು?

ನವೋದಯ ಕಾವ್ಯದ ಹಿನ್ನೆಲೆಯನ್ನು ಹೇಳುವಾಗ ಇಂಗ್ಲಿಷಿನ ರಮ್ಯಕವಿಗಳ ಮಾತು ಬಂದೇ ಬರುತ್ತದೆ. ಕೀಟ್ಸನ ಹೆಸರೆತ್ತಿದೊಡನೆ ನಾನು ಬಹುಕಾಲ ಒಂದು ಕಥೆಯನ್ನು ಹೇಳುತ್ತಿದ್ದೆ: ನಿರ್ದಯ ವಿಮರ್ಶಕರ ನುಡಿಬಾಣ ತಾಗಿ ಆ ಕೋಮಲಜೀವಿ ಇಪ್ಪತ್ತೈದರಲ್ಲೇ ನಂದಿಹೋದನೆಂದು. ತರಗತಿ ನಿಶ್ಶಬ್ದವಾಗುತ್ತಿತ್ತು, ಪಾಠ ಹೇಳುವವನಿಗೆ ಅದಕ್ಕಿಂತ ಪ್ರಿಯವಾದುದೇನಿದೆ? ಒಮ್ಮೆ, ಮನೆಯಲ್ಲಿ ಕ್ಷಯದ ಸಂಕಟವನ್ನು ಕಂಡಿದ್ದ ಹುಡುಗನೊಬ್ಬ ಎದ್ದುನಿಂತು, “ಬೈಗುಳಕ್ಕೆ ಯಾರಾದರೂ ರಕ್ತ ಕಾರುತ್ತಾರೆಯೆ, ಸಾರ್?” ಎಂದ. ನಾನು ಗಂಟಲು ಸರಿಮಾಡಿಕೊಂಡು ಮುಂದಿನ ಪುಟಕ್ಕೆ ಹೋದೆ.

ಈ ಕಥೆಗೆ ಬೀಜ ಬಿತ್ತಿದವರಲ್ಲಿ ಷೆಲ್ಲಿಯೇ ಮುಖ್ಯ. 1821ರ ‘ಅಡೊನೇಯ್ಸ್’ ಶೋಕಗೀತದಲ್ಲಿ ಆತ ಗೆಳೆಯನ ಸಾವನ್ನು ವಿಮರ್ಶಕರ ತಲೆಗೆ ಕಟ್ಟಿದ. ಬೈರನ್ ಅದನ್ನೇ ಪರಿಹಾಸ್ಯ ಮಾಡಿ ಲೋಕಕ್ಕೆಲ್ಲ ಹರಡಿದ. ಆದರೆ ಕಟುಟೀಕೆಗಳು ಬಂದದ್ದು 1818ರಲ್ಲಿ. ಕೀಟ್ಸನ ಶ್ರೇಷ್ಠ ಪ್ರಗಾಥಗಳು ಹುಟ್ಟಿದ್ದು 1819ರಲ್ಲಿ. ಟೀಕೆಗೆ ನಲುಗಿ ಸತ್ತವನು ಹಾಗೆ ಬರೆಯಬಲ್ಲನೆ? ಕರುಣೆಯ ಹೆಸರಿನಲ್ಲಿ ನಾವು ಕವಿಯನ್ನು ಹೇಡಿಯಾಗಿಸಿದ್ದೇವೆ.

ಅವನು ವೈದ್ಯ ಕಲಿತವನು. ತಾಯಿ ಕ್ಷಯದಿಂದ ತೀರಿಕೊಂಡಿದ್ದಳು. ಅದೇ ರೋಗದಿಂದ ನರಳುತ್ತಿದ್ದ ತಮ್ಮ ಟಾಮನ ಶುಶ್ರೂಷೆಯನ್ನು ತಾನೇ ಮಾಡಿದ. 1818ರ ಡಿಸೆಂಬರಿನಲ್ಲಿ ಆತನೂ ಹೋದ. 1820ರ ಫೆಬ್ರವರಿಯ ಒಂದು ರಾತ್ರಿ ಕೆಮ್ಮಿದಾಗ ಬಿದ್ದ ರಕ್ತದ ಬಣ್ಣವನ್ನು ದೀಪದ ಬೆಳಕಿನಲ್ಲಿ ನೋಡಿ ತನ್ನ ಗತಿಯನ್ನು ತಾನೇ ಅರಿತ. ವೈದ್ಯರಾದರೋ ಇನ್ನಷ್ಟು ರಕ್ತ ತೆಗೆದರು, ಊಟ ಕಡಮೆ ಮಾಡಿದರು! 1821ರ ಫೆಬ್ರವರಿ 23ರಂದು ರೋಮಿನಲ್ಲಿ ಪ್ರಾಣ ಹೋಯಿತು. ಗೋರಿಯ ಮೇಲೆ ತನ್ನ ಹೆಸರು ಬೇಡವೆಂದಿದ್ದ.

ಹೆಸರನ್ನು ಮರೆಸಿದ ಇನ್ನೊಬ್ಬ ನಮ್ಮವನೇ ಇದ್ದಾನೆ. ಉಡುಪಿಯಲ್ಲಿ ಹುಡುಗರಿಗೆ ಅಂಗಸಾಧನೆ ಕಲಿಸುತ್ತಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ, ಎಂದರೆ ಮುದ್ದಣ, ಅದೇ ಕ್ಷಯಕ್ಕೆ 1901ರ ಫೆಬ್ರವರಿಯಲ್ಲಿ ತುತ್ತಾದ. ವಯಸ್ಸು ಮೂವತ್ತೊಂದು. ರೋಗಾಣು 1882ರಲ್ಲೇ ಪತ್ತೆಯಾಗಿದ್ದರೂ ಮದ್ದಿರಲಿಲ್ಲ. ತನ್ನ ಕಾವ್ಯವನ್ನು ಹಳಗಾಲದ ಕವಿಯದೆಂಬಂತೆ ಮೈಸೂರಿಗೆ ಕಳಿಸಿದ್ದವನು. ಸತ್ತವನು ‘ಶ್ರೀರಾಮಾಶ್ವಮೇಧ’ದ ಕರ್ತೃವೆಂದು ನಾಡಿಗೆ ಆಗ ತಿಳಿದಿರಲಿಲ್ಲ. ಅಳಲು ಷೆಲ್ಲಿಯಿರಲಿಲ್ಲ, ದೂರಲು ವಿಮರ್ಶಕನೂ ಇರಲಿಲ್ಲ. ಬರಿಯ ರೋಗವಿತ್ತು.

ಮುಂದಿನ ವಾರ ಇದನ್ನೆಲ್ಲ ತರಗತಿಯಲ್ಲಿ ಹೇಳಿ, ಹಿಂದೆ ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡೆ. ಈ ಬಾರಿ ಯಾರೂ ಮರುಗಿದಂತೆ ಕಾಣಲಿಲ್ಲ. ಆ ಹುಡುಗ ಮಾತ್ರ ಪಾಠ ಮುಗಿದ ಮೇಲೆ ಬಾಗಿಲ ಬಳಿ ಕಾದಿದ್ದು ಕೇಳಿದ:

“ಆ ತಮ್ಮನಿಗೆ ಎಷ್ಟು ವಯಸ್ಸು, ಸಾರ್?”

“ಹತ್ತೊಂಬತ್ತು” ಎಂದೆ.